ಓದುಗರ ಪ್ರಶ್ನೆ: ಪಿಂಗಾಣಿ ಸಂಗ್ರಹಾಲಯದಲ್ಲಿ ನೋಡುವುದೇನಿದೆ?

ಪ್ರಶ್ನೆ: ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಕೆಲಸದಲ್ಲಿರುವ ಮಗಳು ಬರುವ ಬೇಸಿಗೆಗೆ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾಳೆ. ಹತ್ತಿರದ ಮೈಸೆನ್ ಊರಿನ ಪಿಂಗಾಣಿ ಸಂಗ್ರಹಾಲಯಕ್ಕೆ ಇಡೀ ಒಂದು ದಿನವನ್ನು ಮೀಸಲಿಟ್ಟಿದ್ದಾಳಂತೆ. ಕಪ್ಪು ಬಸಿ ನೋಡಲು ಅಷ್ಟು ದೂರ ಹೋಗಬೇಕೆ ಎಂಬುದು ನಮ್ಮ ಯಜಮಾನರ ತಕರಾರು. ಅಲ್ಲಿ ನಿಜವಾಗಿ ಏನನ್ನು ನೋಡಬೇಕು? ಹೋಗುವ ಮುನ್ನ ಮುಂಬಯಿಯಲ್ಲೇ ಸ್ವಲ್ಪ ಪರಿಚಯ ಮಾಡಿಕೊಳ್ಳಲು ಸಾಧ್ಯವೆ? ಅತ್ತೆಯವರ ಕಾಲದ ನೀಲಿ-ಬಿಳಿ ತಟ್ಟೆಯೊಂದು ನಮ್ಮಲ್ಲಿದ್ದು, ಅದರ ಬೆನ್ನಿನ ಮೇಲೆ ಚೀನೀ ಅಕ್ಷರಗಳಿವೆ. ಅದು ಬಹಳ ಹಳೆಯದಾಗಿರಬಹುದೆ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ನಿಮ್ಮ ಯಜಮಾನರ ತಕರಾರಿನಲ್ಲಿ ಹುರುಳಿದೆ. ಗಾಜಿನ ಕಪಾಟುಗಳಲ್ಲಿ ಸಾಲಾಗಿ ನಿಂತ ಹೂಬಳ್ಳಿಯ ತಟ್ಟೆಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ನಡೆದರೆ ಅರ್ಧ ಗಂಟೆಯಲ್ಲಿ ಯಾರಿಗಾದರೂ ಆಕಳಿಕೆ ಬರುತ್ತದೆ. ಹಾಗಾಗದಿರಬೇಕಾದರೆ, ಇದೊಂದು ಬಿಳಿಮಣ್ಣಿನ ಗುಟ್ಟಿನ ಕಥೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಕಾಲಿಡಬೇಕು.

ಚೀನೀಯರು ಸಾವಿರ ವರ್ಷಗಳಿಗೂ ಹಿಂದಿನಿಂದ ಕಯೋಲಿನ್ ಎಂಬ ಬಿಳಿ ಜೇಡಿಯನ್ನು ಬೇರೊಂದು ಕಲ್ಲಿನ ಪುಡಿಯೊಡನೆ ಕಲಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಮೂಡುವಂಥ ತೆಳುವಾದ ಪಾತ್ರೆಗಳನ್ನು ಮಾಡುತ್ತಿದ್ದರು. ಯೂರೋಪಿನವರು ಅವನ್ನು ಹಡಗುಗಟ್ಟಲೆ ಕೊಂಡರೂ, ಮಾಡುವ ಬಗೆ ಮಾತ್ರ ಅವರಿಗೆ ಬಹುಕಾಲ ದಕ್ಕಲಿಲ್ಲ. ಡ್ರೆಸ್ಡೆನ್ನಿನಿಂದ ಆಳುತ್ತಿದ್ದ ಅಗಸ್ಟಸ್ ದೊರೆಗೆ ಪಿಂಗಾಣಿಯ ಹುಚ್ಚು ಎಷ್ಟಿತ್ತೆಂದರೆ, 1717ರಲ್ಲಿ ಆತ ಪ್ರಷ್ಯದ ಅರಸನಿಗೆ 600 ಸೈನಿಕರನ್ನು ಕೊಟ್ಟು 151 ಚೀನೀ ಪಾತ್ರೆಗಳನ್ನು ಪಡೆದುಕೊಂಡ. (ಷೋಕೇಸಿಗೆ ದುಡ್ಡು ಸುರಿಯುವ ಹೆಂಗಸರನ್ನು ಹಾಸ್ಯ ಮಾಡುವ ಗಂಡಸರಿಗೆ ಈ ಲೆಕ್ಕವನ್ನು ಒಮ್ಮೆ ಓದಿ ಹೇಳಬಹುದು.) ಚಿನ್ನ ಮಾಡಿಕೊಡುತ್ತೇನೆಂದು ಹೇಳಿಕೊಂಡು ಇದೇ ದೊರೆಯ ಸೆರೆಗೆ ಬಿದ್ದ ಬೊಟ್ಗರ್ ಎಂಬ ತರುಣ, ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆಗೂಡಿ ಪ್ರಯೋಗ ನಡೆಸಿ 1708ರಲ್ಲಿ ಬಿಳಿ ಪಿಂಗಾಣಿಯ ಪಾಕವನ್ನು ಕಂಡುಹಿಡಿದ. 1710ರಲ್ಲಿ ಮೈಸೆನ್ನಿನ ಕೋಟೆಯೊಳಗೆ ಕಾರ್ಖಾನೆ ಆರಂಭವಾಯಿತು. ಗುಟ್ಟು ಹೊರಗೆ ಹೋಗಬಾರದೆಂದೇ ಕೋಟೆಯನ್ನು ಆರಿಸಿಕೊಂಡಿದ್ದರೂ, ಹತ್ತು ವರ್ಷ ತುಂಬುವುದರೊಳಗೆ ಕೆಲಸಗಾರರ ಮೂಲಕ ಅದು ವಿಯೆನ್ನಾ ಸೇರಿತ್ತು.

ನನ್ನನ್ನು ಕೇಳಿದರೆ, ಮೊದಲು ಪ್ರದರ್ಶನದ ಕಾರ್ಯಾಗಾರಕ್ಕೆ ಹೋಗಿ, ಕೆಲಸಗಾರರು ಕಣ್ಣೆದುರಿಗೇ ಅಚ್ಚು ಹಾಕುವುದನ್ನೂ ಬಣ್ಣ ಹಚ್ಚುವುದನ್ನೂ ನೋಡಿ, ಆಮೇಲೆ ಕಪಾಟುಗಳತ್ತ ಬನ್ನಿ. ಹಸಿ ಪಾತ್ರೆ ಸುಡುವಾಗ ಸುಮಾರು ಆರನೇ ಒಂದು ಭಾಗದಷ್ಟು ಕುಗ್ಗುತ್ತದೆಂಬುದನ್ನು ತಿಳಿದ ಮೇಲೆ, ದೊಡ್ಡ ಬೊಂಬೆಯೊಂದರ ಕೈಕಾಲು ಸೊಟ್ಟಗಾಗದೆ ಉಳಿದಿರುವುದೇ ಸೋಜಿಗವೆನಿಸುತ್ತದೆ. ಎಲ್ಲೆಲ್ಲೂ ನೀಲಿಯೇ ಏಕೆ ಕಾಣುತ್ತದೆಂಬುದಕ್ಕೂ ಉತ್ತರ ಭಟ್ಟಿಯಲ್ಲಿದೆ. ಗಾಜಿನಂಥ ಮೆರುಗಿನ ಅಡಿಯಲ್ಲಿ ಅಷ್ಟು ಶಾಖವನ್ನು ತಡೆದುಕೊಳ್ಳುವ ಬಣ್ಣಗಳು ಕೆಲವೇ ಆಗಿದ್ದು, ಅವುಗಳಲ್ಲಿ ಕೋಬಾಲ್ಟಿನ ನೀಲಿಯೇ ಮುಖ್ಯವಾದದ್ದು. ಕೆಂಪು, ಹಸಿರು ಮುಂತಾದವನ್ನು ಸಾಮಾನ್ಯವಾಗಿ ಮೆರುಗಿನ ಮೇಲೆ ಬರೆದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಾರೆ. ಮೈಸೆನ್ನಿನ ಪ್ರಸಿದ್ಧ ‘ಈರುಳ್ಳಿ ಚಿತ್ತಾರ’ದಲ್ಲಿ ಈರುಳ್ಳಿಯೇ ಇಲ್ಲ. ಚೀನೀ ಮಾದರಿಯ ದಾಳಿಂಬೆ, ಪೀಚ್ ಹಣ್ಣುಗಳಿಗೆ ಅಲ್ಲಿಯ ಜನ ಇಟ್ಟುಕೊಂಡ ಹೆಸರದು.

ಮುಂಬಯಿಯಲ್ಲಿ ನೀವು ಹೋಗಬೇಕಾದದ್ದು ಕಾಳಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ. ಜಮಶೇಟ್‌ಜಿ ಟಾಟಾ ಅವರ ಕಿರಿಯ ಮಗ ಸರ್ ರತನ್ ಟಾಟಾ ಕೂಡಿಟ್ಟಿದ್ದ ಚೀನೀ ಮತ್ತು ಜಪಾನೀ ಪಿಂಗಾಣಿ ಅಲ್ಲಿದೆ. ಚೀನಾದ ಕ್ಯಾಂಟನ್ ಬಂದರಿನೊಡನೆ ಪಾರ್ಸಿ ವರ್ತಕರು ತಲೆಮಾರುಗಳಿಂದ ವ್ಯಾಪಾರ ನಡೆಸಿದ್ದ ಈ ನಗರದಲ್ಲಿ ಅಂಥ ಸಂಗ್ರಹವಿರುವುದು ಸಹಜವೇ ಆಗಿದೆ. ಯೂರೋಪಿನವರು ಅನುಕರಿಸಲು ಹೆಣಗಿದ್ದು ಯಾವುದನ್ನು ಎಂಬುದನ್ನು ಇಲ್ಲಿ ನೋಡಿಕೊಂಡು ಹೋದರೆ ಮೈಸೆನ್ನಿನಲ್ಲಿ ನಿಮ್ಮ ಕಣ್ಣು ಚುರುಕಾಗಿರುತ್ತದೆ.

ಇನ್ನು ತಟ್ಟೆಯ ವಿಚಾರ. ಬೆನ್ನಿನ ಅಕ್ಷರಗಳನ್ನು ನಂಬಿ ಕಾಲವನ್ನು ನಿರ್ಣಯಿಸಬೇಡಿ, ಏಕೆಂದರೆ ಹಿಂದಿನ ಚಕ್ರವರ್ತಿಗಳ ಹೆಸರನ್ನು ಮುಂದಿನ ಕಾಲದ ಪಾತ್ರೆಗಳ ಮೇಲೆ ಬರೆಯುವುದು ಚೀನಾದಲ್ಲೇ ರೂಢಿಯಲ್ಲಿತ್ತು. ಅಡಿಯ ಬಳೆಯನ್ನೂ ನೋಡಿ. ಕರಗಿದ ಮೆರುಗು ಭಟ್ಟಿಗೆ ಅಂಟಿಕೊಳ್ಳಬಾರದೆಂದು ಅಲ್ಲಿ ಮೆರುಗನ್ನು ಒರೆಸಿರುತ್ತಾರಾದ್ದರಿಂದ ಒಳಗಿನ ಮಣ್ಣಿನ ನಿಜವಾದ ಬಣ್ಣ ಕಾಣುತ್ತದೆ. ಬಳಿಕ ತಟ್ಟೆಯನ್ನು ದೀಪಕ್ಕೆ ಹಿಡಿಯಿರಿ. ಬೆಳಕು ಒಸರಿದರೆ ಅದು ಪಿಂಗಾಣಿಯೆನ್ನಬಹುದು, ಆದರೆ ವಯಸ್ಸನ್ನು ಬಲ್ಲವರೇ ಕೈಯಲ್ಲಿ ಹಿಡಿದು ಹೇಳಬೇಕು. ಉಪ್ಪಿನಕಾಯಿಯ ಜಾಡಿಯನ್ನೂ ನಾವು ಪಿಂಗಾಣಿಯೆಂದೇ ಕರೆಯುತ್ತೇವಾದರೂ ಈ ಪರೀಕ್ಷೆಯಲ್ಲಿ ಅದು ಗೆಲ್ಲುವುದಿಲ್ಲ.

ಪ್ರಶ್ನೆ: ಗೋವೆಯ ಹಳೆಯ ಕಟ್ಟಡಗಳ ನೀಲಿ ಚಿತ್ರದ ಹಂಚುಗಳು ಪಿಂಗಾಣಿಯವೆ?
(ಓದುಗರು, ಮಡಗಾಂವ್)

ಉತ್ತರ: ಅಲ್ಲ. ಪೋರ್ಚುಗೀಸರು ಅಜುಲೆಜು ಎನ್ನುವ ಆ ಹಂಚುಗಳು ತವರ ಬೆರೆತ ಬಿಳಿ ಮೆರುಗನ್ನು ಹಚ್ಚಿದ ಸಾಧಾರಣ ಮಣ್ಣಿನವು. ನಿಜವಾದ ಚೀನೀ ಪಿಂಗಾಣಿಯನ್ನು ನೋಡಬೇಕಾದರೆ ನಿಮಗೆ ಹತ್ತಿರವೇ ಇರುವ ಚಾಂದರ್ ಊರಿನ ಮೆನೆಜಿಸ್ ಬ್ರಗಾಂಜಾ ಮನೆಗೆ ಹೋಗಿ ಬನ್ನಿ.

ಪ್ರಶ್ನೆ: ಇಂಗ್ಲೆಂಡಿನ ಸಂಗ್ರಹಾಲಯವೊಂದರಲ್ಲಿ ‘ಬೋನ್ ಚೈನಾ’ ಎಂಬ ಫಲಕವನ್ನು ಕಂಡೆ. ಅದರಲ್ಲಿ ನಿಜವಾಗಿಯೂ ಎಲುಬು ಇರುತ್ತದೆಯೆ? ನಮ್ಮದು ಸಸ್ಯಾಹಾರಿಗಳ ಮನೆ.
(ಓದುಗರು, ಪುಣೆ)

ಉತ್ತರ: ಇರುತ್ತದೆ. ಸ್ಟೋಕ್ ಊರಿನ ಸ್ಪೋಡ್ ಕಾರ್ಖಾನೆಯವರು 1790ರ ದಶಕದಲ್ಲಿ ರೂಢಿಗೆ ತಂದ ಪಾಕದಲ್ಲಿ ಸರಿಸುಮಾರು ಅರ್ಧ ಭಾಗ ದನದ ಎಲುಬಿನ ಬೂದಿಯೇ ಇತ್ತು. ಪಾತ್ರೆಗೆ ಬಿಳುಪೂ ಗಟ್ಟಿತನವೂ ಬಂದದ್ದು ಅದರಿಂದಲೇ. ಸುಟ್ಟ ಮೇಲೆ ಉಳಿಯುವುದು ಖನಿಜವಷ್ಟೇ ಎಂಬುದು ನಿಜವಾದರೂ, ಅದು ಬರಿಯ ಹೆಸರೆಂದು ಅಂಗಡಿಯವರು ಸಮಾಧಾನ ಹೇಳಿದರೆ ಒಪ್ಪಬೇಡಿ. ಮನಸ್ಸಿಗೆ ಹಿತವೆನಿಸದಿದ್ದರೆ ಮೈಸೆನ್ ಬಗೆಯ ಗಟ್ಟಿ ಪಿಂಗಾಣಿಯನ್ನು ಕೊಳ್ಳಿ, ಅದರಲ್ಲಿ ಎಲುಬಿನ ಬೂದಿ ಇರುವುದಿಲ್ಲ.