ಹೊಂಡದ ತುಂಬ ಜಿಲೇಬಿ, ಒಂದೂ ದಪ್ಪ ಆಗ್ತಿಲ್ಲ ಅಂದವರಿಗೆ

ಅಣ್ಣಾ, ಕೃಷಿ ಹೊಂಡದಲ್ಲಿ ಜಿಲೇಬಿ ಮೀನು (ತಿಲಾಪಿಯಾ) ಕಿಕ್ಕಿರಿದಿವೆ, ಅಂಗೈಗಿಂತ ದೊಡ್ಡದು ಒಂದೂ ಇಲ್ಲ, ತೌಡು ಜಾಸ್ತಿ ಹಾಕಲಾ ಅಂತ ಕೇಳಿದ್ದೀರಿ. ಬೇಡ. ತೌಡು ಸುರಿದರೆ ಮರಿಗಳೇ ಜಾಸ್ತಿ ಆಗುತ್ತವೆ.

ದೊಡ್ಡದನ್ನು ಸಾರಿಗೆ ಇಟ್ಟುಕೊಂಡು ಚಿಕ್ಕದನ್ನು ವಾಪಸ್ ಬಿಡುತ್ತೇನೆ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಕಾಟ್ಲ, ರೋಹು ನಿಂತ ನೀರಿನಲ್ಲಿ ಮರಿ ಹಾಕುವುದಿಲ್ಲ. ಜಿಲೇಬಿ ಹಾಗಲ್ಲ. ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬರುತ್ತದೆ, ಮೈ ಬೆಳೆಯದಿದ್ದರೂ ಬರುತ್ತದೆ. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಬೆಳಿಗ್ಗೆ ಅಂಚಿನಲ್ಲಿ ನಿಂತು ನೋಡಿ. ನೆರಳು ಬಿದ್ದ ತಕ್ಷಣ ಸಣ್ಣ ಮರಿಗಳೆಲ್ಲ ತಾಯಿ ಬಾಯೊಳಗೆ ನುಗ್ಗುತ್ತವೆ. ಹೀಗಾಗಿ ಸಾಯುವುದು ಕಡಿಮೆ. ಮೇಲಾಗಿ ಮರಿಗೂ ದೊಡ್ಡದಕ್ಕೂ ಅದೇ ಪಾಚಿ, ಅದೇ ತೌಡು. ಯಾರಿಗೂ ಹೊಟ್ಟೆ ತುಂಬುವುದಿಲ್ಲ.

ನಾರ್ವೆಯ ತಾಕ್ವಾತ್ನ್ ಸರೋವರದಲ್ಲೂ ಇದೇ ಕಥೆ. ಅಲ್ಲಿ ಚಾರ್ ಅನ್ನೋ ಮೀನು ಕುಳ್ಳಾಗಿ ಕಿಕ್ಕಿರಿದು, ಅದನ್ನು ತಿನ್ನುವ ಟ್ರೌಟ್ ಹೆಚ್ಚುಕಡಿಮೆ ಮಾಯವಾಗಿತ್ತು. ನೀರಿನ ತುಂಬ ಮೀನಿದ್ದರೂ ಟ್ರೌಟ್ ಬಾಯಿಗೆ ಹಿಡಿಸುವ ಮರಿ ಇರಲಿಲ್ಲ. 1984ರಿಂದ 1989ರವರೆಗೆ 30 ಟನ್‌ಗೂ ಹೆಚ್ಚು ಚಾರ್ ಹಿಡಿದು ತೆಗೆದರು. ಉಳಿದವು ದಪ್ಪ ಆದವು, ಸಣ್ಣ ಮರಿ ಹೆಚ್ಚಿತು, ಅದನ್ನು ತಿಂದು ಟ್ರೌಟ್ ಮತ್ತೆ ಬೆಳೆಯಿತು. ಆಮೇಲೆ ವರ್ಷಗಟ್ಟಲೆ ಮರಿಗಳನ್ನು ಹದ್ದುಬಸ್ತಿನಲ್ಲಿಟ್ಟಿದ್ದು ಟ್ರೌಟೇ.

ನೀವೂ ಮೊದಲು ಬಲೆ ಬೀಸಿ ಆ ಅಂಗೈ ಗಾತ್ರದವನ್ನು ರಾಶಿಗಟ್ಟಲೆ ತೆಗೆಯಿರಿ. ತಿನ್ನಿ, ಮಾರಿ, ಒಣಗಿಸಿ, ಕೋಳಿಗೆ ಹಾಕಿ. ವಾಪಸ್ ಮಾತ್ರ ಬಿಡಬೇಡಿ. ಆಮೇಲೆ ಮರಿಗಳನ್ನು ತಿನ್ನುವ ಕೊರವ ಮೀನು ಬಿಡಿ, ಕೆಲವರು ಮುರೆಲ್ ಅಂತಾರೆ.

ಕೊರವ ಬಿಡುವಾಗ ಗಾತ್ರ ನೋಡಲೇಬೇಕು. ತೀರಾ ಚಿಕ್ಕ ಮರಿ ಬಿಟ್ಟರೆ ಜಿಲೇಬಿಯೇ ಅದನ್ನು ತಿಂದುಬಿಡಬಹುದು. ತಪ್ಪಿಸಿಕೊಂಡರೂ ಸುಮ್ನೆ ಜಿಲೇಬಿ ಜೊತೆ ಹುಳಹುಪ್ಪಟೆಗೆ ಕಿತ್ತಾಡುತ್ತಾ ಇರುತ್ತದೆ. ತುಂಬಾ ದೊಡ್ಡ ಕೊರವ ಬಿಟ್ಟರೆ ನಿಮ್ಮ ಸಾರಿನ ಮೀನಿಗೂ ಬಾಯಿ ಹಾಕುತ್ತದೆ. ಗೇಣುದ್ದದವು ಸಾಕು. ಎಲ್ಲ ಒಂದೇ ಅಳತೆಯವು ಇರಲಿ, ಇಲ್ಲದಿದ್ದರೆ ಒಂದನ್ನೊಂದು ನುಂಗುತ್ತವೆ. ಮೊದಲು ಕೆಲವೇ ಬಿಟ್ಟು ನೋಡಿ. ಅಂಚಿನ ಮರಿ ಕಡಿಮೆ ಆಗದಿದ್ದರೆ ಇನ್ನಷ್ಟು ಬಿಡಿ.

ಮುಂದೆ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅದು ಕೊರವದ್ದೇ, ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಜಾಗಕ್ಕೆ ಬಲೆ ಹಾಕಬೇಡಿ.

ಮಳೆಗಾಲಕ್ಕೆ ಮುಂಚೆ ಸುತ್ತ ಬಲೆ ಕಟ್ಟಿ. ಕೊರವ ಗಾಳಿ ಕುಡಿಯುವ ಮೀನು, ಒದ್ದೆ ನೆಲದ ಮೇಲೆ ತೆವಳಿಕೊಂಡು ಪಕ್ಕದ ಗದ್ದೆಗೆ ಹೋಗಿಬಿಡುತ್ತದೆ. ಅಂದಹಾಗೆ ನಿಮ್ಮ ಹೊಂಡಕ್ಕೆ ಟಾರ್ಪಾಲ್ ಇದೆಯಾ, ಬರೀ ಮಣ್ಣಾ? ಬೇಸಿಗೆಯಲ್ಲಿ ಪೂರ್ತಿ ಒಣಗುತ್ತೆ ಅಂದರೆ ಕೊರವವೂ ಬೇಡ, ಒಣಗಿಸಿ ಹೊಸದಾಗಿ ಕಾಟ್ಲ ಬಿಡೋದೇ ಸುಲಭ.