ಬೆಂಗಳೂರಲ್ಲಿ ಸ್ವಂತ ಆಫೀಸು ತೆರೆಯುವ ಮುಂಚೆ

ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಮುಗಿಸಿ ಎರಡು ವರ್ಷ ಆಯ್ತು, ಬೆಂಗಳೂರಲ್ಲಿ ಸ್ವಂತ ಆಫೀಸು ತೆರೆದರೆ ಕೆಲಸ ಸಿಗುತ್ತದಾ ಅಂತ ಕೇಳಿದ್ದೀರಿ. ಕೆಲಸ ಸಿಗುತ್ತದೆ, ಫೀಸು ಸಿಗುವುದೇ ಕಷ್ಟ. 30×40 ಸೈಟಿನವರು ಮೊದಲು ಹೋಗುವುದೇ ಮೇಸ್ತ್ರಿ ಹತ್ತಿರ. ಕಂಟ್ರಾಕ್ಟರು ‘ಪ್ಲಾನ್ ಫ್ರೀ’ ಅಂದರೆ ಮುಗಿಯಿತು. ಕಾನೂನೂ ಅಷ್ಟೇನು ಕೈ ಹಿಡಿಯುವುದಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಪಾಡುವುದು ‘ಆರ್ಕಿಟೆಕ್ಟ್’ ಅನ್ನುವ ಹೆಸರನ್ನು, ಕೆಲಸವನ್ನಲ್ಲ. 2020ರಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿತು.

ನನ್ನನ್ನು ಕೇಳಿದರೆ ಹಳೇ ಮನೆ ರಿಪೇರಿ ಹಿಡಿಯಿರಿ. ಬಸವನಗುಡಿ, ಮಲ್ಲೇಶ್ವರದ ಕಡೆ ಮದ್ರಾಸ್ ತಾರಸಿಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಆ ತಾರಸಿ ಅಂದರೆ ಮರದ ತೊಲೆ, ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಸುಣ್ಣದ ಗಾರೆ. ಅದು ಸೋರಿದರೆ ಎಲ್ಲರೂ ಸುಮ್ನೆ ಸಿಮೆಂಟ್ ಬಳಿಯುತ್ತಾರೆ, ಸೋರುವುದು ಇನ್ನೂ ಜಾಸ್ತಿ ಆಗುತ್ತದೆ. ಗಾರೆ ಕೆಲಸ ಬಲ್ಲ ಒಬ್ಬ ಹಳೇ ಮೇಸ್ತ್ರಿಯನ್ನು ಮೊದಲು ಹುಡುಕಿಕೊಳ್ಳಿ. ಬೋರ್ಡು ಆಮೇಲೆ ಹಾಕಿಸಿದರಾಯಿತು.