2021ರಲ್ಲಿ ಹುಟ್ಟಿದವರ ಆಯಸ್ಸು ಕಡಿಮೆಯೇ?

ಕೋವಿಡ್‌ನಿಂದ ಜಗತ್ತಿನ ಸರಾಸರಿ ಜೀವಿತಾವಧಿ ಸುಮಾರು ಎರಡು ವರ್ಷ ಇಳಿಯಿತಂತೆ, 2021ರಲ್ಲಿ ಹುಟ್ಟಿದ ನನ್ನ ಮಗಳ ಆಯಸ್ಸೂ ಅಷ್ಟು ಕಡಿಮೆಯೇ ಎಂದು ಕೇಳಿದ್ದೀರಿ. ಇಲ್ಲ, ಆ ಸಂಖ್ಯೆಯ ಅರ್ಥ ಅದಲ್ಲ.

ಆ ವರ್ಷ ಯಾವ ಯಾವ ವಯಸ್ಸಿನವರು ಯಾವ ಪ್ರಮಾಣದಲ್ಲಿ ಸತ್ತರೋ, ಅದೇ ಪ್ರಮಾಣ ಮಗುವಿನ ಬದುಕಿನುದ್ದಕ್ಕೂ ಮುಂದುವರಿಯುತ್ತದೆ ಎಂದಿಟ್ಟುಕೊಂಡು ಈ ಲೆಕ್ಕ ಹಾಕುತ್ತಾರೆ. ಅಂದರೆ ನಿಮ್ಮ ಮಗಳಿಗೆ ಎಂಬತ್ತು ತುಂಬಿದಾಗಲೂ 2021ರ ಸಾಂಕ್ರಾಮಿಕವೇ ಎದುರಿಗಿರಬೇಕು! ಆ ವರ್ಷದ ಸಾವುಗಳ ತೀವ್ರತೆಯನ್ನು ಅಳೆಯಲು ಇದು ಒಳ್ಳೆಯ ಸಾಧನ. ಭವಿಷ್ಯ ಹೇಳಲು ಅಲ್ಲ.

1918ರ ಇನ್‌ಫ್ಲುಯೆನ್ಸಾ ನೋಡಿ. ಅದು ಪ್ರಾಯದವರನ್ನೂ ಬಿಡದೆ ಕೊಂದದ್ದರಿಂದ ಅಮೆರಿಕದ ಸರಾಸರಿ ಒಂದೇ ವರ್ಷದಲ್ಲಿ ಸುಮಾರು 12 ವರ್ಷ ಕುಸಿದು 39ಕ್ಕೆ ಬಂತು. ಮರುವರ್ಷವೇ 50 ದಾಟಿತು. ಕೋವಿಡ್‌ಗೆ ಬಲಿಯಾದವರಲ್ಲಿ ವೃದ್ಧರೇ ಹೆಚ್ಚು, ಹಾಗಾಗಿ ಕುಸಿತ ಅಷ್ಟಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ಸರಾಸರಿ 2019ರಿಂದ 2021ರೊಳಗೆ 1.8 ವರ್ಷ ಇಳಿದು 71.4ಕ್ಕೆ, ಅಂದರೆ 2012ರ ಮಟ್ಟಕ್ಕೆ ಬಂತು. ವಿಶ್ವಸಂಸ್ಥೆಯ ಅಂದಾಜಿನಲ್ಲಿ 2024ಕ್ಕೆ ಅದು 73.3.

ಚೇತರಿಕೆ ಎಲ್ಲೆಡೆ ಒಂದೇ ವೇಗದಲ್ಲಿ ಆಗಿಲ್ಲ ಎನ್ನುವುದೂ ನಿಜ. 2019ರಲ್ಲಿ 78.8 ಇದ್ದ ಅಮೆರಿಕ 2023ರಲ್ಲೂ 78.4ರಲ್ಲಿತ್ತು, ಅಲ್ಲಿ ಮಾದಕ ವಸ್ತುಗಳಿಂದಾದ ಸಾವುಗಳ ಪಾಲೂ ದೊಡ್ಡದು.